ಗುತ್ತಲಿನಿಂದ ಗಗನಚುಕ್ಕಿಗೆ: ಹೊಳೆ ಬಲ್ಲವರ ಜೊತೆ ಒಂದು ದಿನ

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾದ ಮೇಲೆ ಮಂಡ್ಯವನ್ನು ನೋಡದೆಯೇ ಮಂಡ್ಯ ಜಿಲ್ಲೆಯನ್ನು ದಾಟಿಬಿಡಬಹುದು. ಮದ್ದೂರಿಗೂ ಬೈಪಾಸ್, ಮಂಡ್ಯಕ್ಕೂ ಬೈಪಾಸ್. ಹಳೇ ರಸ್ತೆಯ ಹೋಟೆಲುಗಳಲ್ಲಿ ಗಿರಾಕಿ ಕಡಿಮೆಯಾದರೆಂಬ ಮಾತನ್ನು ಈಗ ಯಾರ ಬಾಯಲ್ಲಾದರೂ ಕೇಳಬಹುದು. ವ್ಯಾಪಾರದ ನಷ್ಟ ಒಂದು ಕಡೆಗಿರಲಿ, ನೋಡುವವರಿಗಾದ ನಷ್ಟ ಇನ್ನೂ ದೊಡ್ಡದು ಎಂಬುದು ನನ್ನ ಅನಿಸಿಕೆ. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳೊಳಗೆ ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವಷ್ಟು ಅಂತರದಲ್ಲಿ ಒಂದು ನಗರ, ಒಂದು ಹಳೇ ಕಾಡು, ಒಂದು ಮಹಾ ಜಲಪಾತ ಇವೆ. ಮೂರನ್ನೂ ಕಾವೇರಿಯೇ ಪೋಣಿಸಿದ್ದಾಳೆ. ಆದರೆ ಆ ದಾರ ಸುಮ್ಮನೆ ಕಾರಿನಲ್ಲಿ ಸುತ್ತಿದರೆ ಕಣ್ಣಿಗೆ ಬೀಳುವುದಿಲ್ಲ. ಬಲ್ಲವರೊಬ್ಬರು ಜೊತೆಗಿದ್ದು ಹೇಳಬೇಕು.

ಹೊರಡುವುದಕ್ಕೆ ಗುತ್ತಲು ಒಳ್ಳೆಯ ಜಾಗ. ಒಂದು ಕಾಲಕ್ಕೆ ಪ್ರತ್ಯೇಕ ಊರು. ಈಗ ಮಂಡ್ಯ ನಗರದ ಒಂದು ಬಡಾವಣೆ. ಗುತ್ತಲು ರಸ್ತೆ, ಗುತ್ತಲು ಕಾಲೊನಿ ಎಂದರೆ ಆಟೊದವರಿಗೆ ಬೇರೆ ಗುರುತು ಹೇಳಬೇಕಿಲ್ಲ. ಇಲ್ಲಿನ ಅರ್ಕೇಶ್ವರ ಸ್ವಾಮಿ ದೇವಸ್ಥಾನಕ್ಕೆ ಬೆಳಿಗ್ಗೆಯೇ ಹೋಗಿ ಬರಬೇಕು. ದೊಡ್ಡ ಗೋಪುರದ, ಹೊಯ್ಸಳ ಕೆತ್ತನೆಯ ನಿರೀಕ್ಷೆ ಬೇಡ. ನಗರ ಬೆಳೆದು ಹಳ್ಳಿಯನ್ನು ನುಂಗಿದ ಮೇಲೂ ಹಳ್ಳಿಯ ದೇವರು ತನ್ನ ಜಾಗದಲ್ಲೇ ಉಳಿದಿರುವುದನ್ನು ನೋಡಲು ಹೋಗಬೇಕು. ಮಂಡ್ಯ ನಗರದ ಬಹುಪಾಲು ಕಥೆ ಅದೇ. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಜಿಲ್ಲಾ ಕೇಂದ್ರವಾದ ಈ ಊರು ಅರಮನೆಯಿಂದಾಗಲಿ ಕೋಟೆಯಿಂದಾಗಲಿ ಬೆಳೆದದ್ದಲ್ಲ. ನಾಲೆಯ ನೀರಿನಿಂದ ಬೆಳೆದದ್ದು.

ಆ ನಾಲೆಯ ಸುದ್ದಿಗೆ ಬರೋಣ. ನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರತಿಮೆ ಇದೆ. ಕಾವೇರಿ ನೀರಿನ ವಿಷಯ ಬಿಗಡಾಯಿಸಿದಾಗಲೆಲ್ಲ ರೈತರು ಧರಣಿ ಕೂರುವುದು ಅದರ ಎದುರಿಗೇ. ಹೊರಗಿನಿಂದ ಬಂದವರಿಗೆ ಅದು ಟಿ.ವಿ.ಯಲ್ಲಿ ನೋಡಿದ ಜಾಗ, ಅಷ್ಟೆ. ಆದರೆ ಪ್ರತಿಮೆ ಎದುರು ಯಾಕೆ ಕೂರುತ್ತಾರೆಂದು ಅರ್ಥವಾಗಬೇಕಾದರೆ ನಾಲೆಯ ಏರಿಯ ಮೇಲೆ ನಿಲ್ಲಬೇಕು. ಕನ್ನಂಬಾಡಿ ಕಟ್ಟೆಯ ಎಡದಂಡೆಯಿಂದ ಹೊರಟು, ಹುಲಿಕೆರೆಯ ಹತ್ತಿರ ಗುಡ್ಡ ಕೊರೆದು ಮಾಡಿದ ಸುರಂಗದೊಳಗೆ ನುಗ್ಗಿ ಮಂಡ್ಯ ಸೀಮೆಗೆ ಬಂದ ಈ ನಾಲೆಗೆ ಮೊದಲು ಆಗಿನ ವೈಸರಾಯ್ ಇರ್ವಿನ್ ಹೆಸರಿತ್ತು. ಆಮೇಲೆ ವಿಶ್ವೇಶ್ವರಯ್ಯ ನಾಲೆಯಾಯಿತು. ಜನರ ಬಾಯಲ್ಲಿ ವಿ.ಸಿ. ನಾಲೆ. ಅದಕ್ಕೂ ಮುಂಚೆ ಇದು ಮಳೆ ನೋಡಿಕೊಂಡು ರಾಗಿ ಬಿತ್ತುತ್ತಿದ್ದ ಸೀಮೆ. ಮಳೆ ಕೈಕೊಟ್ಟ ವರ್ಷ ಹೊಟ್ಟೆಗೂ ಕಷ್ಟ. ನಾಲೆ ಬಂದ ಮೇಲೆ ಭತ್ತ, ಕಬ್ಬು ಬಂದವು. ಕಬ್ಬು ಬಂದ ಮೇಲೆ ಅದನ್ನು ಅರೆಯಲು ಕಾರ್ಖಾನೆ ಬೇಕಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ಅಂದರೆ ನಮ್ಮ ಮೈಷುಗರ್, ಹುಟ್ಟಿತು. ಅದರ ಹಿಂದೆ ನಿಂತವರು ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್. ನಾಲೆಯ ನೀರಿನಲ್ಲಿ ಏನು ಬೆಳೆಯಬೇಕು, ಹೇಗೆ ಬೆಳೆಯಬೇಕು ಎಂದು ಪ್ರಯೋಗ ಮಾಡಲು ಸ್ಥಾಪಿಸಿದ ಕ್ಷೇತ್ರವೇ ಇವತ್ತಿನ ವಿ.ಸಿ. ಫಾರಂ. ಈಗ ಅಲ್ಲಿ ಕೃಷಿ ಕಾಲೇಜೂ ಇದೆ.

ಮೈಷುಗರ್ ಹಲವು ವರ್ಷ ನಿಂತೇ ಹೋಗಿತ್ತು. ರೈತರ ಹೋರಾಟದ ನಂತರ 2022ರಲ್ಲಿ ಮತ್ತೆ ಕಬ್ಬು ಅರೆಯಲು ಶುರುವಾಯಿತು. ಗೇಟಿನ ಹೊರಗೆ ಕಬ್ಬಿನ ಗಾಡಿಗಳು ಸಾಲಾಗಿ ನಿಂತಿರುವುದು ಮಂಡ್ಯದವರಿಗೆ ಸಮಾಧಾನದ ನೋಟ. ಕಾರ್ಖಾನೆಯ ಒಳಗೆ ಹೋಗಲು ಅನುಮತಿ ಬೇಕು. ಅದರ ಬದಲು ಊರಿಂದಾಚೆ ಯಾವುದಾದರೂ ಆಲೆಮನೆಗೆ ಹೋಗಿ. ಕೇಳಿದರೆ ಯಾರೂ ಬೇಡವೆನ್ನುವುದಿಲ್ಲ. ಗಾಣದಲ್ಲಿ ಹಿಂಡಿದ ಹಾಲು ಕೊಪ್ಪರಿಗೆಗೆ ಬೀಳುತ್ತದೆ. ಮಂಡ್ಯದಲ್ಲಿ ಕಬ್ಬಿನ ರಸಕ್ಕೆ ಹಾಲು ಎನ್ನುವವರೇ ಹೆಚ್ಚು. ಕೆಳಗೆ ಉರಿಗೆ ಹಾಕುವುದೂ ಅದೇ ಕಬ್ಬಿನ ಒಣಗಿದ ಸಿಪ್ಪೆ. ಕುದಿ ಹತ್ತಿದ ಕೂಡಲೇ ಕಡುಗಂದು ಬಣ್ಣದ ನೊರೆ ಮೇಲೇಳುತ್ತದೆ. ಒಂದಿಷ್ಟು ಸುಣ್ಣ ಹಾಕಿ, ಉದ್ದ ಹಿಡಿಯ ಜಾಲರಿಯಿಂದ ಆ ಮಡ್ಡಿಯನ್ನು ತೆಗೆದು ಹಾಕುತ್ತಲೇ ಇರುತ್ತಾರೆ. ಹಾಲು ಗಟ್ಟಿಯಾಗುತ್ತ ಬಂದಂತೆ ಗುಳ್ಳೆಗಳು ದೊಡ್ಡದಾಗಿ, ನಿಧಾನವಾಗಿ ಒಡೆಯುತ್ತವೆ. ಪಾಕ ನೋಡುವವನು ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿಸುತ್ತಾನೆ. ಅದು ಉಂಡೆಯಾಗಿ ನಿಂತರೆ ಇಳಿಸುವ ಹೊತ್ತಾಯಿತು. ಕೊಪ್ಪರಿಗೆ ಮಗುಚಿ, ಹರವಿ, ತಿರುವಿ, ಅಚ್ಚಿಗೆ ಹಾಕುವುದರೊಳಗೆ ಯಾರಿಗೂ ಮಾತಾಡಲು ಪುರಸೊತ್ತಿರುವುದಿಲ್ಲ. ಬಿಸಿ ಬೆಲ್ಲವನ್ನು ಎಲೆಯ ಮೇಲೆ ಕೊಡುತ್ತಾರೆ, ತಿನ್ನದೆ ಬರಬೇಡಿ. ನಾಲೆ, ಗದ್ದೆ, ಕಬ್ಬು, ಬೆಲ್ಲ ಎಂಬ ಇಡೀ ಸರಪಳಿ ಒಂದೇ ಸೂರಿನ ಕೆಳಗೆ ಅರ್ಥವಾಗುತ್ತದೆ.

ಅಲ್ಲಿಂದ ಹಳೇ ಹೆದ್ದಾರಿ ಹಿಡಿದು ಮದ್ದೂರಿಗೆ. ಊರಿಗೆ ಹೊಂದಿಕೊಂಡ ಶಿವಪುರದಲ್ಲಿ ಸತ್ಯಾಗ್ರಹ ಸೌಧವಿದೆ. ಬಹಳಷ್ಟು ಜನ ಅದನ್ನು ಕಲ್ಯಾಣ ಮಂಟಪವೆಂದುಕೊಂಡು ಮುಂದೆ ಹೋಗುತ್ತಾರೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆದದ್ದು ಈ ನೆಲದಲ್ಲಿ. ನಿಷೇಧಾಜ್ಞೆ ಮುರಿದು ತ್ರಿವರ್ಣ ಧ್ವಜ ಹಾರಿಸಿದ್ದೂ ಇಲ್ಲೇ. ಅಧ್ಯಕ್ಷರಾಗಿದ್ದ ಟಿ. ಸಿದ್ದಲಿಂಗಯ್ಯ ಮತ್ತಿತರರ ಬಂಧನವಾಯಿತು. ಅದೇ ತಿಂಗಳ ಕೊನೆಯಲ್ಲಿ, ಇಂಥದೇ ಧ್ವಜ ಸತ್ಯಾಗ್ರಹ ನಡೆದ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಸಂಸ್ಥಾನದ ಸ್ವಾತಂತ್ರ್ಯ ಹೋರಾಟ ಹಳ್ಳಿಗೆ ಇಳಿದ ಕಥೆ ಶಿವಪುರದ್ದು. ಮಕ್ಕಳನ್ನು ಕರೆದುಕೊಂಡು ಹೋದವರು ಹತ್ತು ನಿಮಿಷವಾದರೂ ಇಲ್ಲಿ ಇಳಿಯಬೇಕು. ಮದ್ದೂರಿನ ಉಗ್ರನರಸಿಂಹ ಮತ್ತು ವರದರಾಜ ದೇವಸ್ಥಾನಗಳು, ಶಿಂಷಾ ದಡದ ವೈದ್ಯನಾಥಪುರ ಎಲ್ಲವನ್ನೂ ಒಂದೇ ದಿನದಲ್ಲಿ ತುರುಕಿದರೆ ಮುಂದಿನ ಕಾಡಿಗೆ ಹೊತ್ತಾಗುತ್ತದೆ. ಒಂದನ್ನು ಆರಿಸಿಕೊಳ್ಳಿ. ತಿಂಡಿಗೆ ಮದ್ದೂರು ವಡೆ ಇದ್ದೇ ಇದೆ. ರೈಲು ನಿಲ್ದಾಣದಲ್ಲಿ ಹೋಟೆಲ್ ನಡೆಸುತ್ತಿದ್ದ ರಾಮಚಂದ್ರ ಬುಧ್ಯ ಎಂಬುವರು 1917ರ ಸುಮಾರಿಗೆ, ರೈಲು ಬರುವ ಹೊತ್ತಾಯಿತೆಂಬ ಅವಸರದಲ್ಲಿ ಹಿಟ್ಟನ್ನು ತಟ್ಟಿ ಕರಿದದ್ದೇ ಈ ವಡೆಯ ಮೂಲ ಎಂದು ಹೇಳುತ್ತಾರೆ. ರವೆ, ಮೈದಾ, ಅಕ್ಕಿಹಿಟ್ಟಿಗೆ ಧಾರಾಳ ಈರುಳ್ಳಿ ಹಾಕಿ ಅಂಗೈಯಲ್ಲಿ ತಟ್ಟಿದ ವಡೆ ಅಂಚಿನಲ್ಲಿ ಗರಿಗರಿ, ನಡುವೆ ಮೆತ್ತಗೆ ಇರಬೇಕು. ಪೂರ್ತಿ ಗಟ್ಟಿಯಾಗಿದ್ದರೆ ಅದು ನಿನ್ನೆಯದು.

ಮದ್ದೂರಿನಿಂದ ಶಿಂಷೆಯ ಜಾಡಿನಲ್ಲಿ ಕೊಕ್ಕರೆ ಬೆಳ್ಳೂರಿಗೆ ಹೋಗಬಹುದು, ಕಾಲ ನೋಡಿಕೊಂಡು. ಡಿಸೆಂಬರಿನಿಂದ ಜೂನ್‌ವರೆಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಅರಳಿ, ಆಲದ ಮರಗಳಲ್ಲಿ ಗೂಡು ಕಟ್ಟುತ್ತವೆ. ಕಾಡಿನ ಸದ್ದಿಲ್ಲದ ಮೂಲೆಯಲ್ಲಲ್ಲ. ಮನೆ ಹಿತ್ತಿಲಿನಲ್ಲಿ, ಬಸ್ಸು ತಿರುಗುವ ಜಾಗದಲ್ಲಿ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರವರು ಈ ಹಕ್ಕಿಗಳನ್ನು ಕರೆಯುತ್ತಾರೆ. ಆ ಮಾತು ಬರೀ ಮಾತಲ್ಲ: ಗೂಡಿರುವ ಮರದ ಹುಣಸೆಯನ್ನು ಬಡಿಯದೆ ಬಿಡುತ್ತಾರೆ, ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಇದೆ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬೆಳೆಸಲು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡಿದ್ದಾರೆ. ಹಿಕ್ಕೆ ಬಿದ್ದ ಮಣ್ಣು ಗದ್ದೆಗೆ ಗೊಬ್ಬರ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಸಮುದಾಯ ಅದಕ್ಕೂ ಬಹಳ ಮೊದಲೇ ಇತ್ತು. ಸುತ್ತಲಿನ ಕೆರೆ, ಹೊಳೆಗಳಲ್ಲಿ ಮೀನಿದ್ದರೆ ಹಕ್ಕಿ. ಶಿಂಷೆಗೆ ಕೊಳೆ ಸೇರಿದರೆ ಮೊದಲು ಪೆಟ್ಟು ಬೀಳುವುದು ಈ ಹಕ್ಕಿಗಳಿಗೇ.

ಇಲ್ಲಿ ಒಂದು ತೊಡಕಿದೆ, ಪ್ರವಾಸದ ಜಾಹೀರಾತುಗಳು ಅದನ್ನು ಹೇಳುವುದಿಲ್ಲ. ಬೆಳ್ಳೂರಿನ ಹಕ್ಕಿಗಳಿರುವಾಗ ಶಿವನಸಮುದ್ರದಲ್ಲಿ ನೀರು ತೆಳ್ಳಗಿರುತ್ತದೆ. ಜಲಪಾತ ಮೈದುಂಬುವುದು ಜುಲೈಯಿಂದ ಅಕ್ಟೋಬರ್‌ವರೆಗೆ. ಆಗ ಬೆಳ್ಳೂರಿನ ಮರಗಳು ಖಾಲಿ. ಎರಡೂ ಒಂದೇ ದಿನದಲ್ಲಿ ಪೂರ್ತಿಯಾಗಿ ಸಿಗುತ್ತವೆ ಎನ್ನುವವರನ್ನು ನಂಬಬೇಡಿ. ಮಳೆಗಾಲದಲ್ಲಿ ಹೋದರೆ ಬೆಳ್ಳೂರನ್ನು ಬಿಟ್ಟು ಆ ಹೊತ್ತನ್ನು ಜಲಪಾತಕ್ಕೆ ಕೊಡಿ. ಜನವರಿ, ಫೆಬ್ರುವರಿಯಲ್ಲಾದರೆ ಹಕ್ಕಿಗೂ ಕಾಡಿಗೂ ಕೊಡಿ.

ಮಧ್ಯಾಹ್ನದ ಹೊತ್ತಿಗೆ ಹಲಗೂರು ದಾಟಿ ಮುತ್ತತ್ತಿ ರಸ್ತೆ ಹಿಡಿಯಬೇಕು. ಅರಣ್ಯ ಇಲಾಖೆಯ ತಪಾಸಣಾ ಠಾಣೆ ದಾಟಿದರೆ ಕಾವೇರಿ ವನ್ಯಜೀವಿ ಅಭಯಾರಣ್ಯ. 1987ರಲ್ಲಿ ಘೋಷಣೆಯಾಗಿ, ಮುಂದೆ ಸಾವಿರ ಚದರ ಕಿಲೋಮೀಟರಿಗೂ ಮೀರಿ ವಿಸ್ತಾರಗೊಂಡ ಈ ಕಾಡು ಮಂಡ್ಯ, ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ), ಚಾಮರಾಜನಗರ ಮೂರೂ ಜಿಲ್ಲೆಗಳಲ್ಲಿ ಹಬ್ಬಿದೆ. ಮಲೆನಾಡಿನ ದಟ್ಟ ಹಸಿರು ಇಲ್ಲಿಲ್ಲ. ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುವ ಕುರುಚಲು, ಮುಳ್ಳಿನ ಕಾಡು. ಇಷ್ಟೇನಾ ಎಂದು ಮೊದಲು ಅನಿಸುತ್ತದೆ. ರಸ್ತೆ ಇಳಿಜಾರಾಗಿ ಹೊಳೆಯ ಕಡೆಗೆ ಬಾಗಿದಾಗ ಕಾಡಿನ ರೀತಿಯೇ ಬದಲಾಗುತ್ತದೆ.

ದಡದಲ್ಲಿರುವವು ಹೊಳೆಮತ್ತಿ ಮರಗಳು. ಒಂದೊಂದರ ಬುಡವನ್ನು ಇಬ್ಬರು ಮೂವರು ಕೈಚಾಚಿ ಸೇರಿದರೂ ತಬ್ಬಲಾಗದು. ತೊಗಟೆ ನುಣುಪು, ಬೂದಿ ಬಣ್ಣ. ಅಲ್ಲಲ್ಲಿ ಹಾಳೆಯಾಗಿ ಸುಲಿದು ಒಳಗಿನ ತಿಳಿಗೆಂಪು ಕಾಣುತ್ತದೆ. ಪ್ರವಾಹ ಮಣ್ಣನ್ನು ಕೊಚ್ಚಿಕೊಂಡು ಹೋದಲ್ಲಿ ಬೇರುಗಳು ಬಂಡೆಯನ್ನು ಅಪ್ಪಿ ಹಿಡಿದು ಇಡೀ ಮರವನ್ನು ನಿಲ್ಲಿಸಿವೆ. ಎಷ್ಟೋ ಪ್ರವಾಹ ಕಂಡ ಮರಗಳಿವು. ಕಾವೇರಿ ದಂಡೆ ಕುಸಿಯದೆ ನಿಂತಿರುವುದು ಇವುಗಳ ಹಿಡಿತದಿಂದ. ತಲೆ ಎತ್ತಿ ನೋಡುತ್ತ ತಾಳ್ಮೆಯಿಂದ ನಿಂತರೆ ಬೂದು ಬಣ್ಣದ ದೊಡ್ಡ ಅಳಿಲು ಕಾಣಬಹುದು. ಮನೆಯಂಗಳದ ಅಳಿಲಿಗಿಂತ ಎಷ್ಟೋ ಪಾಲು ದೊಡ್ಡದು, ಉದ್ದನೆಯ ಪೊದೆ ಬಾಲ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಕೆಲವೇ ಕಾಡುಗಳಲ್ಲಿ ಉಳಿದಿರುವ ಈ ಪ್ರಾಣಿಗೆ ಕರ್ನಾಟಕದಲ್ಲಿ ಇದೇ ಮುಖ್ಯ ನೆಲೆ. ಒಂದು ಮರದ ಕೊಂಬೆಯಿಂದ ಇನ್ನೊಂದಕ್ಕೆ ನೆಲ ಮುಟ್ಟದೆ ದಾಟುವ ಜೀವ ಅದು. ನಡುವಿನ ಮರ ಕಡಿದರೆ ಅದರ ದಾರಿಯೇ ಕಡಿದಂತೆ. ನೀರುನಾಯಿ, ಮೊಸಳೆ, ಆನೆ ಇಲ್ಲಿವೆ. ನೀರಿನೊಳಗೆ ಬಿಳಿಮೀನು, ಅಂದರೆ ಗೂನುಬೆನ್ನಿನ ಮಹಶೀರ್ ಇದೆ. ಕಾವೇರಿ ಕೊಳ್ಳದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಈ ಮೀನು ಇವತ್ತು ಅಳಿವಿನ ತೀವ್ರ ಅಂಚಿನಲ್ಲಿದೆ.

ಇದೇ ಹೊಳೆ ಮುಂದೆ ಸಂಗಮ ದಾಟಿ ಮೇಕೆದಾಟು ಸೇರುತ್ತದೆ. ಅಲ್ಲಿ ಉದ್ದೇಶಿಸಿರುವ ಅಣೆಕಟ್ಟೆ ಕಟ್ಟಿದರೆ ಈ ಅಭಯಾರಣ್ಯದ ಒಂದು ಭಾಗ ಮುಳುಗುತ್ತದೆ. ಬೆಂಗಳೂರಿಗೆ ಕುಡಿಯುವ ನೀರು ಬೇಕು, ನಿಜ. ಆ ವಿಷಯದಲ್ಲಿ ಬೇಕು ಎನ್ನುವವರೂ ಬೇಡ ಎನ್ನುವವರೂ ಒಮ್ಮೆ ಈ ಹೊಳೆಮತ್ತಿಗಳ ಕೆಳಗೆ ನಿಂತು ಬಂದು ಮಾತಾಡಲಿ ಎಂದು ನನ್ನ ಕೋರಿಕೆ.

ಮುತ್ತತ್ತಿಯಲ್ಲಿ ಮುತ್ತತ್ತಿರಾಯ, ಆಂಜನೇಯ. ರಾಜ್‌ಕುಮಾರ್ ಅವರಿಗೆ ತಂದೆತಾಯಿ ಇಟ್ಟ ಮುತ್ತುರಾಜ ಎಂಬ ಹೆಸರು ಈ ದೇವರದ್ದೇ. ಸೀತಮ್ಮ ಸ್ನಾನ ಮಾಡುವಾಗ ಅವಳ ಮುತ್ತಿನೊಡವೆ ನೀರಿಗೆ ಬಿತ್ತಂತೆ. ಮೂಗುತಿ ಎನ್ನುವವರೂ ಇದ್ದಾರೆ, ಉಂಗುರ ಎನ್ನುವವರೂ ಇದ್ದಾರೆ. ಆಂಜನೇಯ ಬಾಲ ಇಳಿಬಿಟ್ಟು ಹೊಳೆಯನ್ನು ಕಲಕಿ, ಸುಳಿ ಎಬ್ಬಿಸಿ ಅದನ್ನು ತೆಗೆದುಕೊಟ್ಟನಂತೆ. ಕಥೆ ಕೇಳಿ ಕೈಮುಗಿದು ಹೋಗುವವರು ಅದರಲ್ಲಿರುವ ಸುಳಿಯನ್ನು ಮರೆಯುತ್ತಾರೆ. ಮುತ್ತತ್ತಿಯ ಹೊಳೆಯ ತಳ ಬರೀ ಬಂಡೆ. ಸುಳಿಗೆ ಸಿಕ್ಕ ಕಲ್ಲುಗಳು ಶತಮಾನಗಟ್ಟಲೆ ಒಂದೇ ಕಡೆ ತಿರುಗಿ ಆ ಬಂಡೆಯಲ್ಲಿ ಆಳದ ಗುಂಡಿಗಳನ್ನು ಕೊರೆದಿವೆ. ಮೇಲೆ ನೀರು ಮಂದವಾಗಿ, ಮೊಣಕಾಲುದ್ದ ಇರುವಂತೆ ಕಾಣುತ್ತದೆ. ಮುಂದಿನ ಹೆಜ್ಜೆಗೆ ನೆಲವೇ ಇರುವುದಿಲ್ಲ. ಮೇಲಿನಿಂದ ಅಣೆಕಟ್ಟೆಯ ನೀರು ಬಿಟ್ಟಾಗ ಮಟ್ಟ ದಿಢೀರನೆ ಏರುತ್ತದೆ. ಈಜು ಬಲ್ಲವರೂ ಇಲ್ಲಿ ಸತ್ತಿದ್ದಾರೆ. ಸತ್ತವರಲ್ಲಿ ಹೆಚ್ಚಿನವರು ಪ್ರವಾಸಕ್ಕೆ ಬಂದ ಹುಡುಗರು. ಎಚ್ಚರಿಕೆಯ ಫಲಕಗಳು ಇವೆ. ಫಲಕ ಓದಿಯೂ ಇಳಿಯುವವರನ್ನು ತಡೆಯಲು ಪಕ್ಕದಲ್ಲಿ ನಿಂತ ಒಬ್ಬ ಊರಿನವನ ಮಾತೇ ಬೇಕು: ಬ್ಯಾಡ ಕಣಣ್ಣ, ಇಲ್ಲಿ ಮಡು ಅದೆ. ನಾನು ಮಾರ್ಗದರ್ಶಿ ಬೇಕೇ ಬೇಕು ಎನ್ನುವುದಕ್ಕೆ ಮೊದಲ ಕಾರಣ ಇದು.

ದಡದಲ್ಲಿ ಒಲೆ ಹೂಡಿ ಪರ ಮಾಡುವ ಸಂಪ್ರದಾಯ ಇಲ್ಲಿ ಹಳೆಯದು, ಮುದ್ದೆ, ಬಾಡಿನ ಸಾರು. ಅದಕ್ಕೆ ನನ್ನ ಆಕ್ಷೇಪವಿಲ್ಲ. ತಟ್ಟೆ, ಲೋಟ, ಬಾಟಲಿಗಳನ್ನು ಹೊಳೆಮತ್ತಿಯ ಬುಡದಲ್ಲೇ ಬಿಟ್ಟು ಹೋಗುವುದನ್ನು ಮಾತ್ರ ಯಾವ ಹರಕೆಯೂ ಒಪ್ಪುವುದಿಲ್ಲ. ಬೆಳಕಿರುವಾಗಲೇ ಕಾಡಿನ ರಸ್ತೆ ದಾಟಿ ಹೊರಬರಬೇಕು. ಸಂಜೆ ಆದ ಮೇಲೆ ಅದು ಆನೆಗಳ ದಾರಿ.

ಮಳವಳ್ಳಿ ಮೇಲಿನಿಂದ ಶಿವನಸಮುದ್ರಕ್ಕೆ ಬಂದಾಗ ಬಿಸಿಲು ಇಳಿದಿರಬೇಕು. ಕಾವೇರಿ ಇಲ್ಲಿ ಕವಲಾಗಿ ಒಂದು ದ್ವೀಪವನ್ನು ಬಳಸಿ, ಎರಡು ಕಡೆ ಧುಮುಕುತ್ತಾಳೆ. ಗಗನಚುಕ್ಕಿಯ ನೋಟ ಸಿಗುವುದು ಮಳವಳ್ಳಿ ಕಡೆಯಿಂದ. ಭರಚುಕ್ಕಿ ಚಾಮರಾಜನಗರ ಜಿಲ್ಲೆಯ ಕಡೆಗೆ. ದ್ವೀಪದ ಮೇಲೆ ಮಧ್ಯರಂಗನ ದೇವಸ್ಥಾನವಿದೆ. ಶ್ರೀರಂಗಪಟ್ಟಣದ ಆದಿರಂಗ, ಶ್ರೀರಂಗದ ಅಂತ್ಯರಂಗನ ನಡುವಿನವನು. ಗಗನಚುಕ್ಕಿಯ ಮಗ್ಗುಲಲ್ಲೇ ದರ್ಗಾ ಕೂಡ ಇದೆ. ಮಳೆಗಾಲದಲ್ಲಿ ವೀಕ್ಷಣಾ ಕಟ್ಟೆಯ ಮೇಲೆ ನಿಂತರೆ ಎದುರಿನ ಬಂಡೆಗೋಡೆ ಮುಚ್ಚಿಹೋಗುವಷ್ಟು ನೀರು, ಮೈ ಒದ್ದೆಯಾಗುವಷ್ಟು ತುಂತುರು. ಬೇಸಿಗೆಯಲ್ಲಿ ಹೋದವರು ನಿರಾಶರಾಗುತ್ತಾರೆ. ಅವರಿಗೆ ನೀರೆಲ್ಲಿ ಹೋಯಿತೆಂದು ಯಾರೂ ಹೇಳಿರುವುದಿಲ್ಲ.

ನೀರು ಕರೆಂಟಿಗೆ ಹೋಗಿದೆ. ಜಲಪಾತದ ಮೇಲೆಯೇ ಕಟ್ಟೆ ಹಾಕಿ, ಕಾಲುವೆಯಲ್ಲಿ ತಿರುಗಿಸಿ, ದಪ್ಪ ಕೊಳವೆಗಳಲ್ಲಿ ಸುಮಾರು 400 ಅಡಿ ಕೆಳಗಿಳಿಸಿ ಟರ್ಬೈನ್ ತಿರುಗಿಸುತ್ತಾರೆ. ಸುತ್ತಲಿನವರು ಬ್ಲಫ್ ಎನ್ನುವ ಕಾಲೊನಿಯಲ್ಲಿರುವುದು 1902ರ ವಿದ್ಯುದಾಗಾರ. ದಿವಾನ್ ಶೇಷಾದ್ರಿ ಅಯ್ಯರ್ ಇದಕ್ಕೆ ಒಪ್ಪಿಗೆ ಕೊಟ್ಟರು, ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಕಟ್ಟಿಸಿದರು. ಹತ್ತಿರದ ರೈಲು ನಿಲ್ದಾಣ ನಮ್ಮ ಮದ್ದೂರು. ಹಡಗಿನಲ್ಲಿ, ರೈಲಿನಲ್ಲಿ ಬಂದ ಯಂತ್ರಗಳನ್ನು ಅಲ್ಲಿಂದ ಎತ್ತಿನ ಗಾಡಿಗಳಲ್ಲಿ, ಆನೆಗಳ ಸಹಾಯದಿಂದ ಸಾಗಿಸಿದರು. 1902ರ ಜೂನ್ 30ರಂದು ಇಲ್ಲಿನ ವಿದ್ಯುತ್ತು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿತು. ಅಷ್ಟು ಉದ್ದದ ತಂತಿ ಮಾರ್ಗ ಆ ಕಾಲಕ್ಕೆ ಜಗತ್ತಿನಲ್ಲೇ ಅಪರೂಪ. ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿದಿರಲಿಲ್ಲ, 1901ರ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಹತ್ತಿದ್ದು 1905ರ ಆಗಸ್ಟ್‌ನಲ್ಲಿ. ಇದನ್ನು ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಎಂದು ಹಲವರು ಬರೆಯುತ್ತಾರೆ. ಅದು ಸರಿಯಲ್ಲ, ಡಾರ್ಜಿಲಿಂಗಿನ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ಸಣ್ಣದೊಂದು ಕೇಂದ್ರ ಶುರುವಾಗಿತ್ತು. ಶಿವನಸಮುದ್ರದ ಹಿರಿಮೆಗೆ ಆ ಬಿರುದಿನ ಹಂಗು ಬೇಕಿಲ್ಲ.

ಮಾರ್ಗದರ್ಶಿ ಇಲ್ಲಿ ಹೇಳಲೇಬೇಕಾದ ಸಂಗತಿ ಇನ್ನೊಂದಿದೆ. ಗಣಿಗೆ ವರ್ಷವಿಡೀ ವಿದ್ಯುತ್ ಬೇಕಿತ್ತು. ಬೇಸಿಗೆಯಲ್ಲಿ ಹೊಳೆ ಸೊರಗುತ್ತಿತ್ತು. ಮಳೆಗಾಲದ ನೀರನ್ನು ಮೇಲೆಯೇ ಹಿಡಿದಿಟ್ಟು ನಿಧಾನವಾಗಿ ಬಿಡಬೇಕೆಂಬ ಒತ್ತಾಯ ಹುಟ್ಟಿದ್ದು ಇದರಿಂದ. 1911ರಲ್ಲಿ ಕನ್ನಂಬಾಡಿಯ ಕೆಲಸ ಶುರುವಾಗುವುದಕ್ಕೆ ನೀರಾವರಿಯ ಜೊತೆಗೆ ಈ ವಿದ್ಯುತ್ತೂ ದೊಡ್ಡ ಕಾರಣ. ಕಟ್ಟೆ ಆದ್ದರಿಂದ ನಾಲೆ, ನಾಲೆಯಿಂದ ಕಬ್ಬು, ಕಬ್ಬಿನಿಂದ ಮೈಷುಗರ್. ಬೆಳಿಗ್ಗೆ ನಗರದಲ್ಲಿ ಕಂಡದ್ದರ ಮೂಲ ಸಂಜೆ ಈ ಪ್ರಪಾತದ ಅಂಚಿನಲ್ಲಿದೆ. ದಿನವಿಡೀ ನಾವು ಬಂದದ್ದು ಕಾಲದಲ್ಲಿ ಹಿಂದಕ್ಕೆ. ಮಂಡ್ಯದಿಂದ ಗಗನಚುಕ್ಕಿಗೆ ನೇರವಾಗಿ ಬಂದು ಸೆಲ್ಫಿ ತೆಗೆದು ಹೋಗುವವರಿಗೆ ಈ ಸಂಬಂಧ ತಿಳಿಯುವ ದಾರಿಯೇ ಇಲ್ಲ.

ಮಂಡ್ಯ ಜಿಲ್ಲಾಡಳಿತ ಗಗನಚುಕ್ಕಿಯಲ್ಲಿ ಜಲಪಾತೋತ್ಸವ ಮಾಡುತ್ತದೆ. ದೀಪಾಲಂಕಾರ, ಸಂಗೀತ, ಸಾವಿರಾರು ಜನ. ಅದಕ್ಕೆ ಹಾಕುವ ಹಣದಲ್ಲಿ ಸ್ವಲ್ಪವನ್ನಾದರೂ ಮುತ್ತತ್ತಿ, ಬೆಳ್ಳೂರು, ಮದ್ದೂರು, ಗುತ್ತಲಿನ ಯುವಕ ಯುವತಿಯರಿಗೆ ಮಾರ್ಗದರ್ಶಿ ತರಬೇತಿ ಕೊಡಲು ಬಳಸಬೇಕು. ಮಡುವಿರುವ ಜಾಗ, ಗೂಡಿರುವ ಮರ, ಪಾಕ ಬಂದ ಗುರುತು ಅವರಿಗೆ ಗೊತ್ತು. ಗುರುತಿನ ಚೀಟಿ, ನಿಗದಿತ ಸಂಭಾವನೆ, ಮಂಡ್ಯ ಬಸ್ ನಿಲ್ದಾಣದಿಂದ ಶನಿವಾರ, ಭಾನುವಾರ ಒಂದು ಬಸ್ಸು ಇಷ್ಟಾದರೆ ಸಾಕು. ಅಲ್ಲಿಯವರೆಗೆ ಹೋಗುವವರು ಆಯಾ ಊರಿನಲ್ಲೇ ಒಬ್ಬರನ್ನು ಕೇಳಿ ಜೊತೆಗೆ ಕರೆದುಕೊಳ್ಳಿ, ಅವರ ದಿನದ ಕೂಲಿಗೆ ಕಡಿಮೆಯಿಲ್ಲದಂತೆ ಕೊಡಿ. ಮುತ್ತತ್ತಿಯಲ್ಲಿ ಅವರು ನೀರಿಗೆ ಇಳಿಯಬೇಡಿ ಎಂದರೆ ಇಳಿಯಬೇಡಿ.